ಆರನೇ ಚಾನೆಲ್ಲಿನ ವಕೀಲರು

ಕಸ ಗುಡಿಸುತ್ತಿದ್ದ ಮರೆಮ್ಮನ ಕೈ ತಟ್ಟನೆ ನಿಂತಿತು. ನಿವೃತ್ತ ವಕೀಲ ಕೃಷ್ಣಾಜಿಯವರ ಕೋಣೆಯಿಂದ ಅವಳ ಗಂಡ ಭೀಮಣ್ಣನ ದನಿ ಬರುತ್ತಿತ್ತು.

"ತಾಯಪ್ಪಾ, ಕ್ರೇನಿನ ಹಗ್ಗದ ಎಳಿ ಬಿಚ್ಚ್ಯಾವಲೇ. ಸೋಮವಾರ ಸೇಫ್ಟಿ ಇನ್ಸ್‌ಪೆಕ್ಟರ್ ಬರ್ತಾನಂತ, ಅವನಿಗೇ ಹೇಳ್ತೀನಿ."

ಭೀಮಣ್ಣ ಇದ್ದದ್ದು ಎದುರಿನ ಸೈಟಿನ ಕ್ರೇನಿನ ಮೇಲೆ, ಅವನ ಜೊತೆಗಾರ ತಾಯಪ್ಪ ಕೆಳಗೆ. ದನಿ ಹೊರಟಿದ್ದು ವಕೀಲರ ಮೇಜಿನ ಮೇಲಿನ ವಾಕಿಟಾಕಿಯಿಂದ. ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಅರ್ಧ ಊರಿನ ಮಾತಿಗೆ ಕಿವಿ ಹಚ್ಚಿ ಕೂಡುವುದೇ ಈ ಮಹಾನುಭಾವರ ದಿನಚರಿ. ಮಾಲ್‌ನ ಕಾವಲುಗಾರರು, ಮದುವೆ ಹಾಲಿನ ಅಡುಗೆಯವರು, ಯಾರನ್ನೂ ಬಿಟ್ಟವರಲ್ಲ. ಆರನೇ ಚಾನೆಲ್ಲಿನ ಕ್ರೇನಿನವರು ಕನ್ನಡದವರೆಂದು ಗೊತ್ತಾದ ಮೇಲಂತೂ ಅವರಿಗೆ ಹಬ್ಬ.

"ಹಿಂಗ ಕೇಳೂದು ತಪ್ಪಲ್ಲೇನ್ರಿ, ಸಾಹೇಬ್ರ?"

"ಗಾಳಿಯೊಳಗ ಬಂದಿದ್ದು ಎಲ್ಲಾರ್ದೂ. ಕಾಯ್ದೆ ನನಗ ಕಲಸ್ತೀಯೇನು?" ಎಂದು ಹಲ್ಲು ಕಿರಿದ ವಕೀಲರು, ಸೈಟಿನ ಮ್ಯಾನೇಜರ್ ಋಷಿಕೇಶನಿಗೆ ಫೋನ್ ಹಚ್ಚಿ ಹಗ್ಗದ, ಇನ್ಸ್‌ಪೆಕ್ಟರನ ಸುದ್ದಿಯನ್ನೆಲ್ಲ ಮರಾಠಿಯಲ್ಲಿ ಒಪ್ಪಿಸಿದರು. ಸಿಕ್ಕದ್ದು ಒಂದು "ಥ್ಯಾಂಕ್ಯೂ ಕಾಕಾ". ಅಷ್ಟಕ್ಕೇ ಎದೆ ಉಬ್ಬಿತು. ನಾಲ್ಕು ವರ್ಷದಿಂದ ಮನೆಗೆಲಸಕ್ಕಿದ್ದವಳ ಗಂಡ ಯಾರೆಂದು ಈ ಕಿವಿ ಒಮ್ಮೆಯೂ ಕೇಳಿರಲಿಲ್ಲ. ಮರೆಮ್ಮನಿಗೆ ಅಸಹ್ಯವಾಯಿತು.

ಸಂಜೆ ಭೀಮಣ್ಣ ಜೋಲುಮೋರೆ ಹಾಕಿಕೊಂಡು ಬಂದ. "ನಾಳೀಗೇ ಕಡೀ ದಿನ ಅಂತ. ನಾ ಕುಡದು ಕ್ರೇನ್ ನಡಸ್ತೀನಂತ ಋಷಿಕೇಶ ಎಲ್ಲಾರ ಮುಂದ ಹೇಳ್ಯಾನ. ಹಗ್ಗದ ಸುದ್ದಿ ತನಗ ಗೊತ್ತೇ ಇಲ್ಲಂತ."

ಮರೆಮ್ಮ ವಕೀಲರ ಕೋಣೆಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು.

"ಆ ವಕೀಲನ ವಾಕಿಟಾಕಿಗೆ ಲೈಸೆನ್ಸ್ ಅದ ಏನು? ನಮಗ ಸೆಟ್ ಕೊಡೂಮುಂದ ಎಷ್ಟು ಸಹಿ ತಗೊಂಡ್ರು!"

"ಅದನ್ನೇ ಸೆಟ್ಟಿನ್ಯಾಗ ಕೇಳು. ನಿನಗ ಕಾಯ್ದೆ ಗೊತ್ತಿಲ್ಲಂತ ಅಂದ್ರ ಸುಮ್ಮ ಕೂಡೂ ಮನಿಷ್ಯಾ ಅಲ್ಲ ಅಂವಾ," ಎಂದಳು ಮರೆಮ್ಮ.

ಮರುದಿನ ಅವಳು ಅದೇ ಕೋಣೆ ಗುಡಿಸುತ್ತಿದ್ದಾಗ ಸೆಟ್ಟು ಗರಗರ ಎಂದು ಭೀಮಣ್ಣನ ದನಿ ಬಂತು. "ತಾಯಪ್ಪಾ, ಎದುರು ಬಿಲ್ಡಿಂಗಿನ ವಕೀಲ ನಮ್ಮ ಮಾತು ಕದ್ದು ಕೇಳ್ತಾನಂತ. ಲೈಸೆನ್ಸ್ ಇಲ್ಲದ ಸೆಟ್ ಇಡೂದೇ ಗುನ್ಹಾ ಅಂತ ಅವನಿಗೆ ತಿಳೀವಲ್ದು."

"ಒಂದು ಕೇಸೂ ಗೆದ್ದಾಂವ ಅಲ್ಲ ಬಿಡು," ಎಂದ ಕೆಳಗಿನಿಂದ ತಾಯಪ್ಪ.

ಕೃಷ್ಣಾಜಿಯವರ ಮುಖ ಕೆಂಪೇರಿತು. ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದರು. ಮೂವತ್ತೈದು ವರ್ಷ ಕೋರ್ಟಿನಲ್ಲಿ ಕಿರುಚಿದವರಿಗೆ ಅದೊಂದೇ ಬರುತ್ತಿರಲಿಲ್ಲ. ಗುಂಡಿ ಒತ್ತಿದರು.

"ಏ, ನಾ ಅಡ್ವೊಕೇಟ್ ಕೃಷ್ಣಾಜಿ ಮಾತಾಡಾಕತ್ತೀನಿ! ಕೇಳೂದು ಗುನ್ಹಾ ಅಲ್ಲ! ನಿಮ್ಮ ಹಗ್ಗದ ಸುದ್ದಿ ಋಷಿಕೇಶಗ ನಿನ್ನೇನ ನಾನ ಮುಟ್ಟಿಸೀನಿ, ಏನು ಮಾಡ್ತೀರಿ?"

ಸೈಟಿನ ಇಪ್ಪತ್ತು ಸೆಟ್ಟುಗಳಲ್ಲೂ ಆ ಮಾತು ಮೊಳಗಿತು. ಕಿಟಕಿಯಾಚೆ ಕ್ರೇನು ನಿಂತಿತು. ತಲೆಗೆ ಟೊಪ್ಪಿಗೆ ಹಾಕಿದ ಕೆಲಸಗಾರರು ಒಬ್ಬೊಬ್ಬರಾಗಿ ಕೆಳಗಿಳಿಯತೊಡಗಿದರು.

"ಮ್ಯಾನೇಜರ್ ಸಾಹೇಬಗ ನಿನ್ನೇನ ಗೊತ್ತಿತ್ತು, ಕೇಳಿದ್ರಿಲ್ಲೋ? ಹಗ್ಗ ಬದಲಾಗೂತನಾ ಯಾರೂ ಏರಂಗಿಲ್ಲ, ಭೀಮಣ್ಣನ್ನ ತಗದ್ರ ನಾವ್ಯಾರೂ ಇರಂಗಿಲ್ಲ," ತಾಯಪ್ಪ ಕೂಗಿದ.

 ಕೊನೆಗೆ ಋಷಿಕೇಶನ ಸಣ್ಣ ದನಿ ಬಂತು: "ರಸ್ಸಿ ಬದಲೇಂಗೆ. ಭೀಮಣ್ಣಾ, ತುಮ್ ರಹೋ." ಹಗ್ಗ ಬದಲಾಗುವುದು ಖಾತ್ರಿಯಾಯಿತು, ಭೀಮಣ್ಣನ ಕೆಲಸವೂ ಉಳಿಯಿತು.

ಮರುಗಳಿಗೆಯೇ ಕೃಷ್ಣಾಜಿಯವರ ಫೋನ್ ಬಡಿದುಕೊಂಡಿತು. ಈ ಸಲ ಋಷಿಕೇಶನ ಥ್ಯಾಂಕ್ಯೂ ಇರಲಿಲ್ಲ, ಪೊಲೀಸರಿಗೆ ಹೇಳುವ ಬೆದರಿಕೆಯಿತ್ತು. ಫೋನಿಟ್ಟವರು ಮರೆಮ್ಮನತ್ತ ತಿರುಗಿದರು.

"ಯಾರವಾ ಅಂವಾ, ಕ್ರೇನಿನ ಮ್ಯಾಲಿನಾಂವ?"

"ನನ್ನ ಗಂಡರೀ. ಗಾಳಿಯೊಳಗ ಬಂದಿದ್ದು ಎಲ್ಲಾರ್ದೂ ಅಂದಿದ್ರಲ್ಲ? ಎಲ್ಲಾರೂ ಕೇಳ್ಯಾರ."

ಮರೆಮ್ಮ ಕಸಬರಿಗೆಯನ್ನು ಮೇಜಿನ ಮೇಲೆ, ಆ ಸೆಟ್ಟಿನ ಪಕ್ಕದಲ್ಲೇ ಇಟ್ಟು ಹೊರಟುಹೋದಳು.