ಅತಿಥಿಗಳ ಕೇಕ್ ಡಬ್ಬ

ತೈನಾನ್ ನಗರದ ಒಂದು ಶಾಲೆಯಲ್ಲಿ ವಸಂತ ಬಂತೆಂದರೆ ಒಂದನೇ ತರಗತಿಯ ಮಕ್ಕಳು ರೇಷ್ಮೆಹುಳು ಸಾಕುತ್ತಾರೆ. ಶು-ಯೂನ್ ಟೀಚರ್ ತರಗತಿಯ ಮಕ್ಕಳು ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿದ ಹುಳುಗಳು ಗೂಡು ಕಟ್ಟಿ ಮುಗಿಸಿದ್ದೇ ತಡ, ಹೆಡ್‌ಮಾಸ್ಟರ್ ಕುವೋ ಬಂದು ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದ.

"ತಿನ್ನಲ್ಲ, ಅಲುಗಾಡಲ್ಲ. ಸತ್ತಿದ್ದನ್ನ ಇಟ್ಕೊಂಡು ಜೀವದ ಪಾಠ ಏನ್ರೀ ಮಾಡ್ತೀರಿ? ಇನ್ನೆರಡು ವಾರಕ್ಕೆ ತಪಾಸಣೆ ಇದೆ."

ಮಕ್ಕಳು ಬಿಕ್ಕಿ ಬಿಕ್ಕಿ ಅತ್ತರು. ಶು-ಯೂನ್ ಹಲ್ಲು ಕಚ್ಚಿಕೊಂಡು ಬುಟ್ಟಿಯಿಂದ ಗೂಡುಗಳನ್ನು ಆರಿಸಿದಳು. ಇರು, ನಿನಗೆ ಮಾಡ್ತೀನಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಕುವೋನ ಕಪಾಟಿನಲ್ಲಿ ತಪಾಸಣೆಗೆ ಬರುವವರಿಗೆಂದು ತಂದಿಟ್ಟ ಅನಾನಸ್ ಕೇಕಿನ ರಟ್ಟಿನ ಡಬ್ಬವಿತ್ತು. ಕೇಕೆಲ್ಲ ಮಕ್ಕಳ ಹೊಟ್ಟೆ ಸೇರಿತು, ಗೂಡುಗಳು ಡಬ್ಬ ಸೇರಿದವು, ಡಬ್ಬ ಮತ್ತೆ ಕಪಾಟು ಸೇರಿತು.

ತಪಾಸಣೆಯ ದಿನ ಅಧಿಕಾರಿಗಳು ಒಂದನೇ ತರಗತಿಗೆ ಬಂದು ಕೂತರು. ಕುವೋ ಹಲ್ಲು ಕಿರಿಯುತ್ತ ಡಬ್ಬ ತಂದು ಅವರೆದುರೇ ಮುಚ್ಚಳ ತೆಗೆದ. ಒಳಗೆ ಬಿಳಿ ಪತಂಗಗಳು ಪಟಪಟ ರೆಕ್ಕೆ ಬಡಿಯುತ್ತಿದ್ದವು. ಡಬ್ಬದ ತುಂಬ ಅವುಗಳ ಹಳದಿ ಮೊಟ್ಟೆ, ಕಂದು ಉಚ್ಚೆ. ಒಂದು ಪತಂಗ ಹಿರಿಯ ಅಧಿಕಾರಿಯ ತೋಳು ಹತ್ತಿತು. ಕುವೋ ಬಾಯಿ ತೆರೆದವನು ಹಾಗೇ ಕಲ್ಲಾಗಿ ನಿಂತುಬಿಟ್ಟ.

ಮುಂದಿನ ಸಾಲಿನ ನಿಂಗ್-ನಿಂಗ್ ಕೈ ಎತ್ತಿದಳು. "ಟೀಚರ್, ಹೆಡ್‌ಮಾಸ್ಟರ್ ಅಲುಗಾಡ್ತಾನೇ ಇಲ್ಲ. ಸತ್ತೋದ್ರಾ?"

"ಗೊತ್ತಿಲ್ಲ ಪುಟ್ಟಿ," ಎಂದಳು ಶು-ಯೂನ್, ಅಧಿಕಾರಿಗಳಿಗೂ ಕೇಳುವಂತೆ. "ಇನ್ನೆರಡು ವಾರ ನೋಡೋಣ. ಅವರ ಥರ ಅವಸರಪಟ್ಟು ಕಸದ ಬುಟ್ಟಿಗೆ ಹಾಕೋದು ಬೇಡ."