ಎಟುಕದ ಅರ್ಧ

ಮೇ ತಿಂಗಳ ನಡುಮಧ್ಯಾಹ್ನ, ಹೆಗಲ ಮೇಲಿನ ಬೈರಾಸು ಕೂಡ ಹೊರೆಯೆನಿಸುವ ಮೂಡಬಿದಿರೆಯ ಸೆಕೆಯಲ್ಲಿ, ಸೀರೆಯ ಮೇಲೆ ಕರಿಯ ಉಣ್ಣೆಯ ಕೋಟು ತೊಟ್ಟು, ಅದರ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಬರೆಯಲು ಕೂರುವ ಮನುಷ್ಯರನ್ನು ನೀವು ಕಂಡಿರಲಾರಿರಿ. ನಾನು ಕಂಡಿದ್ದೇನೆ. ಆಕೆ ಅನಂತಮತಿ, ಹೈಸ್ಕೂಲಿನಲ್ಲಿ ನನ್ನಿಂದ ಕನ್ನಡ ಕಲಿತವಳು, ಕನ್ನಡಕ್ಕಿಂತ ಗಣಿತವನ್ನೇ ಹೆಚ್ಚು ಪ್ರೀತಿಸಿದವಳು, ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ಎಂಬ, ಆಗ ನಮ್ಮಲ್ಲಿ ಯಾರೂ ಕಂಡಿರದ ಯಂತ್ರಕ್ಕೆ ಪ್ರೋಗ್ರಾಮು ಬರೆಯುತ್ತಿದ್ದವಳು. ಕೋಟು ಬಂಟ್ವಾಳದಲ್ಲಿ ವಕೀಲಿ ನಡೆಸಿ ತೀರಿಕೊಂಡ ಅವಳ ತಂದೆಯದು. ಯಂತ್ರಕ್ಕೆ ಸೆಕೆ ಆಗದೆಂದು ಅದರ ಕೋಣೆಯನ್ನು ಸದಾ ಕೊರೆಯುವಷ್ಟು ತಣ್ಣಗಿಡುತ್ತಿದ್ದರಂತೆ. ಅಲ್ಲಿ ಹತ್ತಿದ ಅಭ್ಯಾಸ ಊರಿಗೂ ಬಂದಿತ್ತು. “ಕೋಟು ತೆಗೆದರೆ ತಲೆ ಓಡುವುದಿಲ್ಲ ಮಾಸ್ಟ್ರೇ, ನಾನೇನು ಮಾಡಲಿ?” ಎನ್ನುತ್ತಿದ್ದಳು, ಹಣೆಯ ಬೆವರನ್ನು ಅದೇ ಕೋಟಿನ ತೋಳಿನಿಂದ ಒರೆಸಿಕೊಳ್ಳುತ್ತಾ.

ನಡಿಗೆ ಬಿರುಸು, ಆದರೆ ನಡುವೆ ಏನಾದರೂ ಹೊಳೆಯಿತೋ, ನಿಂತಲ್ಲೇ ನಿಂತುಬಿಡುವಳು. ಶಿರ್ತಾಡಿಗೆ ಹೋಗುವ ಬಸ್ಸು ಅವಳ ಬೆನ್ನ ಹಿಂದೆ ಹಾರ್ನು ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಕಂಡಕ್ಟರನೇ ಇಳಿದು ಬಂದು, “ಅಕ್ಕ, ಸ್ವಲ್ಪ ಬದಿಗೆ ಬಂದು ಆಲೋಚನೆ ಮಾಡಿ” ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಗದು ಎಂಬ ಮಾತನ್ನು ಯಾರು ಆಡಿದರೂ ಅವಳ ಉತ್ತರ ಒಂದೇ: “ಸರಿ, ಅದು ಉಂಟು. ಮತ್ತೆ?” ವಿನಯ ಅವಳ ಹತ್ತಿರ ಸುಳಿದದ್ದಿಲ್ಲ. ತನಗೆ ಬರುವುದು ಬರುತ್ತದೆಂದು ಘಂಟಾಘೋಷವಾಗಿ ಹೇಳುವ ಹೆಂಗಸರನ್ನು ಆ ದಿನಗಳಲ್ಲಿ ಊರು ಅಷ್ಟೇನೂ ಮೆಚ್ಚುತ್ತಿರಲಿಲ್ಲ. ನನಗೆ ಮಾತ್ರ ಅವಳ ಆ ಗುಣವೇ ಇಷ್ಟವಾಗುತ್ತಿತ್ತು.

೧೯೬೬ರ ಬೇಸಗೆಯಲ್ಲಿ ಅವಳ ತಾಯಿ ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಬೇರೆ ಮಕ್ಕಳಿಲ್ಲ, ಅನಂತಮತಿ ಓಡಿಬರಲೇಬೇಕಾಯಿತು. ಆದರೆ ಮುಂಬಯಿಯಲ್ಲಿ ಆಕೆ ಒಂದು ದೊಡ್ಡ ಮಾತು ಕೊಟ್ಟು ಬಂದಿದ್ದಳು. ಕಂಪ್ಯೂಟರಿನ ನೆನಪೆಂದರೆ ನಂಬರು ಹಾಕಿದ ಗೂಡುಗಳ ಸಾಲು ಎಂದು ನನಗೆ ವಿವರಿಸಿದ್ದಳು. ಆ ವರ್ಷ ಅಂಥ ಗೂಡುಗಳೇ ತುಂಬಿದ ಹೊಸದೊಂದು ಬೀರು ತರಿಸಿ ಜೋಡಿಸಿ ಗೂಡುಗಳನ್ನು ಇಮ್ಮಡಿಗೊಳಿಸಿದ್ದರು. ಆದರೆ ಅಂಕಿಗಳನ್ನು ಒಳಗೆ ತರುವ, ಹೊರಗೆ ಒಯ್ಯುವ ಟೇಪಿನ ಯಂತ್ರ ಹಳೆಯದು. ಹೊಸ ಗೂಡುಗಳ ದೊಡ್ಡ ದೊಡ್ಡ ನಂಬರುಗಳನ್ನು ಹಿಡಿಯಲು ಅದರೊಳಗೆ ತಂತಿಗಳೇ ಸಾಲವು. ಕೆಳಗಿನ ಅರ್ಧಕ್ಕೆ ಅದರ ಕೈ ಎಟುಕುತ್ತಿತ್ತು, ಮೇಲಿನ ಅರ್ಧ ಅದರ ಪಾಲಿಗೆ ಇಲ್ಲವೇ ಇಲ್ಲ. ಯಂತ್ರ ಮಾರಿದ ಕಂಪೆನಿಯ ವಿದೇಶೀ ಇಂಜಿನಿಯರು, ಟೇಪಿನ ಯಂತ್ರವನ್ನೇ ಬದಲಾಯಿಸದೆ ಗತಿಯಿಲ್ಲ ಎಂದ. ವಿದೇಶೀ ವಿನಿಮಯಕ್ಕೆ ದೇಶವೇ ಪರದಾಡುತ್ತಿದ್ದ ಕಾಲದಲ್ಲಿ ಅದು ಆಗಿಹೋಗುವ ಮಾತಲ್ಲ. ತುಂಬಿದ ಸಭೆಯಲ್ಲಿ ಅನಂತಮತಿ ಎದ್ದುನಿಂತು, ಯಂತ್ರವನ್ನು ಮುಟ್ಟುವುದು ಬೇಡ, ಉಳಿದೆಲ್ಲ ಪ್ರೋಗ್ರಾಮುಗಳಿಗೆ ಯಜಮಾನನಂತಿರುವ ಮೇಲ್ವಿಚಾರಕ ಪ್ರೋಗ್ರಾಮನ್ನು ತಿದ್ದಿ ಬರೆದು ನಾನು ನಡೆಸಿಕೊಡುತ್ತೇನೆ ಎಂದುಬಿಟ್ಟಿದ್ದಳು. ಮುಖ್ಯಸ್ಥರು ಮೇ ಕೊನೆಯವರೆಗೆ ಅವಕಾಶ ಕೊಟ್ಟರು. ಆಗದಿದ್ದರೆ ಬೀರು ಕಂಪೆನಿಗೆ ವಾಪಸು, ಅನಂತಮತಿಯ ಹುದ್ದೆ ಇನ್ನೊಬ್ಬರಿಗೆ.

ಹೀಗೆ, ಮೂಡಬಿದಿರೆಯಲ್ಲಿ, ತಾಯಿಯ ಮಂಚದ ಬದಿಯಲ್ಲಿ, ಯಂತ್ರದ ಮುಖ ಕಾಣದೆಯೇ ಯಂತ್ರದ ಪ್ರೋಗ್ರಾಮು ತಯಾರಾಗತೊಡಗಿತು. ಬರೆದದ್ದನ್ನು ಅಂಚೆಯಲ್ಲಿ ಕಳುಹಿಸುವುದು. ತಿದ್ದುಪಡಿಗಳನ್ನು ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಮಾಡಿ ಹೇಳುವುದು. ಆ ತುದಿಯಲ್ಲಿ ಬರೆದುಕೊಳ್ಳುತ್ತಿದ್ದವನು ಶಂಭು. ಬೆಳ್ತಂಗಡಿಯ ಕಡೆಯವನು, ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ ಆ ಯಂತ್ರವನ್ನು ನಡೆಸುವ ಕೆಲಸಕ್ಕೆ ಸೇರಿದ್ದವನು. ಗೊರಗೊರ ಎನ್ನುವ ಲೈನಿನಲ್ಲಿ ಇಂಗ್ಲಿಷಿನ ಅಂಕಿಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದುದರಿಂದ ಇಬ್ಬರೂ ತುಳುವಿಗೆ ಇಳಿದರು. “ಒಂಜಿ, ಏಳ್, ಸೊನ್ನೆ, ಆಜಿ...” ಎಂದು ಕೋಟು ತೊಟ್ಟ ಹೆಂಗಸೊಬ್ಬಳು ಗಂಟಲು ಹರಿಯುವಂತೆ ಕೂಗುವುದು ಪೇಟೆಗೆಲ್ಲ ಕೇಳಿಸುತ್ತಿತ್ತು. ಅಂಚೆ ಮಾಸ್ತರ ಕುಶಾಲಪ್ಪನವರು ಒಂದು ದಿನ ನನ್ನನ್ನು ಬದಿಗೆ ಕರೆದು, “ಮಾಸ್ಟ್ರೇ, ನಾನು ಇಷ್ಟು ದಿನದಿಂದ ಕೇಳ್ತಾ ಇದ್ದೇನೆ. ಈ ಅಕ್ಕ ಎಂಟು, ಒಂಬತ್ತು ಹೇಳುವುದೇ ಇಲ್ಲ. ಏನಾದರೂ ಹರಕೆಯಾ?” ಎಂದು ಕೇಳಿದರು. ಆ ಯಂತ್ರದ ಲೆಕ್ಕದಲ್ಲಿ ಏಳರ ಮೇಲೆ ಅಂಕಿಯೇ ಇಲ್ಲವೆಂದು ಅನಂತಮತಿ ತಿಳಿಸಿದಾಗ, ಕಂಪ್ಯೂಟರಿನ ಮೇಲೆ ಅವರಿಗಿದ್ದ ಗೌರವವೆಲ್ಲ ಅಲ್ಲಿಗೇ ಇಳಿದುಹೋಯಿತು.

ಅವಳ ಉಪಾಯ ಕೇಳಲು ಸರಳ. ಕೆಳಗಿನ ಅರ್ಧದಲ್ಲಿ ಒಂದು ಸಣ್ಣ ಜಾಗವನ್ನು ಯಾರಿಗೂ ಬಿಟ್ಟುಕೊಡದೆ ಖಾಲಿ ಇಡುವುದು. ಮೇಲಿನ ಅರ್ಧಕ್ಕೆಂದು ಬಂದ ಅಂಕಿಗಳನ್ನು ಟೇಪು ಅಲ್ಲಿ ಇಳಿಸಿ ಹೋಗುವುದು. ಎರಡೂ ಅರ್ಧಗಳನ್ನು ಮುಟ್ಟಬಲ್ಲ ಮೇಲ್ವಿಚಾರಕ ಅವನ್ನು ಎತ್ತಿ ಮೇಲಕ್ಕೆ ಸೇರಿಸುವುದು. ಮೇ ನಡುವಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಅಂದು ನಾನೂ ಅಂಚೆ ಕಚೇರಿಯಲ್ಲಿದ್ದೆ. ಫೋನು ಕಿವಿಗಿಟ್ಟುಕೊಂಡಿದ್ದ ಅನಂತಮತಿಯ ಮುಖ ನೋಡನೋಡುತ್ತಲೇ ಬಿಳಿಚಿಕೊಂಡಿತು. ಒಬ್ಬ ವಿದ್ವಾಂಸರ ಮಳೆಯ ಲೆಕ್ಕ, ಇನ್ನೊಬ್ಬರ ಸೇತುವೆಯ ಲೆಕ್ಕ, ಎರಡೂ ಮೇಲಿನ ಅರ್ಧದಲ್ಲಿ ಒಟ್ಟಿಗೆ ನಡೆಯುತ್ತಿದ್ದವಂತೆ. ಮಳೆಯ ಅಂಕಿಗಳೆಲ್ಲ ಸೇತುವೆಯೊಳಗೆ ಹೋಗಿ ಕೂತಿದ್ದವು. ಇಂಜಿನಿಯರು ಎಲ್ಲರೆದುರು ನಕ್ಕನಂತೆ. ಬೀರುವನ್ನು ಕಟ್ಟಿ ಕಳುಹಿಸಲು ಮರದ ಹಲಗೆಗಳೂ ಬಂದಿದ್ದವಂತೆ. ಆಕೆ ಶಂಭುವಿಗೆ ಹೇಳಿದ್ದು ಇಷ್ಟೇ: “ಸರಿ, ಅದು ಉಂಟು. ಮತ್ತೆ ಏನೇನು ಕಂಡಿತು, ಒಂದೂ ಬಿಡದೆ ಹೇಳು.”

ಕೆಲವು ದಿನಗಳ ಮೇಲೆ ತಪ್ಪು ಸಿಕ್ಕಿತು. ನನಗೆ ತಿಳಿಯುವಂತೆ ಹೇಳೆಂದು ಕಾಡಿದಾಗ ಆಕೆ ನನ್ನನ್ನು ಬಾವಿಕಟ್ಟೆಗೆ ಕರೆದೊಯ್ದಳು. ಅವಳದರಂಥ ಜೈನರ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳು ಸಾಯಬಾರದೆಂದು, ಅದನ್ನು ತೊಳೆದ ನೀರನ್ನು ಸೇದಿದ ಬಾವಿಗೇ ಮೆಲ್ಲನೆ ಇಳಿಸುತ್ತಾರೆ. ಬೇರೆ ಬಾವಿಗೆ ಸುರಿಯುವಂತಿಲ್ಲ. ಅವಳ ಮನೆಯಲ್ಲಿ ಅಡಿಗೆಮನೆಯ ಹಿಂದೊಂದು, ದನದ ಹಟ್ಟಿಯ ಬಳಿಯೊಂದು, ಹೀಗೆ ಎರಡು ಬಾವಿಗಳು.

“ಈ ಬಾವಿಯ ಬಟ್ಟೆ ತೊಳೆಯುವ ಮೊದಲೇ ಅದರಲ್ಲಿ ಆ ಬಾವಿಯ ನೀರು ಸೋಸಿದರೆ, ಯಾವ ಜೀವ ಎಲ್ಲಿಯದ್ದು ಅಂತ ಮತ್ತೆ ಹೇಳಲಿಕ್ಕುಂಟಾ ಮಾಸ್ಟ್ರೇ? ಅಲ್ಲಿ ಆದದ್ದು ಅದೇ. ಮಳೆಯ ಅಂಕಿ ಎತ್ತುವ ಮೊದಲೇ ಆ ಜಾಗವನ್ನು ಸೇತುವೆಯ ಹೆಸರಿಗೆ ಕೊಟ್ಟುಬಿಟ್ಟಿದ್ದೆ. ಇನ್ನು ಜಾಗ ಖಾಲಿ ಆಗುವವರೆಗೆ ಸೇತುವೆಯವರು ಕಾಯಲಿ.”

“ಹಾಗಾದರೆ ಇದು ನೀರು ಸೋಸುವಾಗಲೇ ಹೊಳೆಯಿತು ಅನ್ನು,” ಎಂದೆ. ಬರೆಯುವವನ ಆಸೆ ಎಲ್ಲಿ ಹೋಗಬೇಕು?

“ಎಂಥದ್ದೂ ಇಲ್ಲ. ಹೊಳೆದದ್ದು ಕಾಗದದ ಮೇಲೆ, ಕೂತು ಕೂತು ಬೆನ್ನು ನೋಯಿಸಿಕೊಂಡು. ಬಾವಿ ನಿಮಗೆ ಅರ್ಥ ಆಗಲಿಕ್ಕೆ ಮಾತ್ರ. ಬರೆಯುವಾಗ ಸುಳ್ಳು ಸೇರಿಸಬೇಡಿ.”

ಒಳಗಿನ ಮಂಚದಿಂದ ತಾಯಿಯ ದನಿ ಬಂತು: “ಮೊದಲು ಆ ಬಟ್ಟೆ ತೊಳೆ. ಪಾಠ ಆಮೇಲೆ ಮಾಡುವ.”

ತಿದ್ದುಪಡಿಯನ್ನು ಕೂಗಿ ಹೇಳಿ ಮುಗಿಸಿದ ಮರುದಿನ, ತಿಂಗಳ ಕೊನೆಯ ವಾರ, ಬೆಳಗಿನಿಂದಲೇ ನಾವು ಅಂಚೆ ಕಚೇರಿಯ ಜಗಲಿಯಲ್ಲಿ ಕೂತಿದ್ದೆವು. ಕುಶಾಲಪ್ಪನವರು ಮುದ್ರೆ ಒತ್ತುವುದನ್ನೂ ನಿಲ್ಲಿಸಿ ಫೋನನ್ನೇ ನೋಡುತ್ತಿದ್ದರು. ಅದು ಗಣಗಣಿಸಿ ಅನಂತಮತಿ ಎತ್ತಿಕೊಂಡಾಗ ಶಂಭುವಿನ ಸ್ವರ ಎಷ್ಟು ಜೋರಾಗಿತ್ತೆಂದರೆ, ಜಗಲಿಗೂ ಕೇಳಿಸಿತು: “ಅಕ್ಕ, ಮಾತ ಸರಿ ಉಂಡು. ಬರ್ಸ ಬರ್ಸದ ಜಾಗೆಡ್, ಸಂಕ ಸಂಕದ ಜಾಗೆಡ್.” ಎಲ್ಲ ಸರಿ ಇದೆ, ಮಳೆ ಮಳೆಯ ಜಾಗದಲ್ಲಿ, ಸೇತುವೆ ಸೇತುವೆಯ ಜಾಗದಲ್ಲಿ. ಹಿಂದಿನ ರಾತ್ರಿಯಿಡೀ ಬೇಕೆಂದೇ ಮೇಲಿನ ಅರ್ಧವನ್ನು ತುಂಬಿಸಿ ಓಡಿಸಿದರೂ ಒಂದು ಅಂಕಿ ಕದಲಲಿಲ್ಲವಂತೆ. ಹಲಗೆಗಳನ್ನು ಹೊರಗೆ ಸಾಗಿಸಲು ಮುಖ್ಯಸ್ಥರೇ ಹೇಳಿದರಂತೆ. ಇಂಜಿನಿಯರು ಆ ಪ್ರೋಗ್ರಾಮಿನ ಒಂದು ಪ್ರತಿ ಬೇಕೆಂದು ಕೇಳಿದನಂತೆ. ನನಗಂತೂ ಹಿಗ್ಗೋ ಹಿಗ್ಗು. ಅರವತ್ತರ ಹತ್ತಿರ ಬಂದ ಮೇಷ್ಟ್ರು ಕುಣಿಯಬಾರದೆಂದು ಮಾತ್ರ ಸುಮ್ಮನಿದ್ದೆ. ಅನಂತಮತಿ ಸುಮ್ಮನಿರಲಿಲ್ಲ. ಆ ಸಂಜೆ ತರಕಾರಿಯ ಪೂವಮ್ಮನಿಂದ ಹಿಡಿದು ಶಿರ್ತಾಡಿ ಬಸ್ಸಿನ ಕಂಡಕ್ಟರನವರೆಗೆ, ಸಿಕ್ಕ ಸಿಕ್ಕವರನ್ನೆಲ್ಲ ನಿಲ್ಲಿಸಿ, “ನಾನು ಗೆದ್ದೆ” ಎಂದು ಹೇಳುತ್ತ ಬಂದಳು. ಏನು ಗೆದ್ದದ್ದೆಂದು ಯಾರಿಗೂ ತಿಳಿಯದಿದ್ದರೂ ಎಲ್ಲರೂ ಸಂತೋಷಪಟ್ಟರು.

ಎರಡು ವರ್ಷಗಳ ನಂತರ ನಾನು ಮುಂಬಯಿಗೆ ಹೋದಾಗ ಆಕೆ ನನಗೆ ಯಂತ್ರದ ಆ ಕೋಣೆಯನ್ನು ತೋರಿಸಿದಳು. ಅಲ್ಲಿ ಲೆಕ್ಕ ಮಾಡಿಸಿಕೊಳ್ಳುತ್ತಿದ್ದ ಒಬ್ಬ ತರುಣನನ್ನು, ಮೇಲಿನ ಅರ್ಧ ಟೇಪಿಗೆ ಎಟುಕುವುದಿಲ್ಲವಲ್ಲ, ನಿಮಗೆ ತೊಂದರೆಯಾಗುವುದಿಲ್ಲವೇ ಎಂದು ನನ್ನ ಜ್ಞಾನವನ್ನು ಮೆರೆಸುತ್ತ ಕೇಳಿದೆ. ಆತ ಕಣ್ಣು ಪಿಳಿಪಿಳಿಸಿ, ಈ ಯಂತ್ರದಲ್ಲಿ ಮೇಲು ಕೆಳಗು ಎಂಬುದೇ ಇಲ್ಲ, ನಿಮಗೆ ಯಾರೋ ತಪ್ಪು ಹೇಳಿದ್ದಾರೆ ಎಂದ. ನನಗೆ ಸಿಟ್ಟು ಬಂತು. ಪಕ್ಕದಲ್ಲಿದ್ದ ಅನಂತಮತಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಕೇಳಿದಿರಾ ಮಾಸ್ಟ್ರೇ, ಅವನಿಗೆ ಗೊತ್ತೇ ಇಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಉಂಟಾ?”

ಗೋಡೆ ಕೆಡವಿದವರನ್ನು ಲೋಕ ಬಹುಕಾಲ ನೆನಪಿಡುತ್ತದೆ, ಏಕೆಂದರೆ ಅವರ ಹಿಂದೆ ಕಲ್ಲುಮಣ್ಣು ಬಿದ್ದಿರುತ್ತದೆ. ಅನಂತಮತಿಯಂಥವರ ಗೆಲುವು ಬೇರೆ ಜಾತಿಯದು. ಗೋಡೆ ಇದ್ದಲ್ಲೇ ಇರುತ್ತದೆ, ಒಂದು ಕಲ್ಲೂ ಅಲುಗಿರುವುದಿಲ್ಲ. ಊರಿಗೆ ಊರೇ ನಿಶ್ಚಿಂತೆಯಿಂದ ಅತ್ತಿತ್ತ ಓಡಾಡುತ್ತ, ಇಲ್ಲಿ ಗೋಡೆ ಎಲ್ಲಿತ್ತು ಎಂದು ಅವರನ್ನೇ ಕೇಳುತ್ತದೆ. ಆ ಪ್ರಶ್ನೆಗೆ ಹೊಟ್ಟೆ ತುಂಬ ನಗಬಲ್ಲವರು ಈ ಲೋಕದಲ್ಲಿ ಕಡಮೆ. ಲೋಕ ನಡೆಯುತ್ತಿರುವುದು ಅವರಿಂದ.