ಮ್ಯಾನೇಜರ್ ಮೇಲ್ ಯಾರಿಗೂ ಬಂದಿಲ್ಲ

ಕಚೇರಿ ಹೊಸ ಇಮೇಲ್ ವ್ಯವಸ್ಥೆಗೆ ಬದಲಾದ ಮೇಲೆ ಎಲ್ಲರ ವಿಳಾಸಪಟ್ಟಿಯೂ ಚೆಲ್ಲಾಪಿಲ್ಲಿಯಾಗಿತ್ತು. ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವನು ನಾನೇ; ಒಂದೊಂದನ್ನೇ ಸರಿಮಾಡಿಕೊಟ್ಟೆ. ಆದರೂ ಮ್ಯಾನೇಜರ್ ನನ್ನ ಜೀವ ಹಿಂಡುತ್ತಿದ್ದರು.

“ಏನಯ್ಯಾ, ನನ್ನ ಮೇಲ್‌ಗೆ ಒಬ್ರೂ ಉತ್ತರ ಕೊಡ್ತಿಲ್ಲ. ಕೇಳಿದ್ರೆ ಬಂದೇ ಇಲ್ಲ ಅಂತಾರೆ. ಇವತ್ತು ಸರಿಮಾಡ್ಲಿಲ್ವೋ, ಗಂಟುಮೂಟೆ ಕಟ್ಕೋ!”

ಅವರ ಪಟ್ಟಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕ್ಯಾಷಿಯರಮ್ಮನ ಕಂಪ್ಯೂಟರ್ ತೆರೆದು ನೋಡಿದೆ. ಮ್ಯಾನೇಜರ್ ಮೇಲ್ ಬಂದರೆ ನೇರ ಕಸದ ಬುಟ್ಟಿಗೆ ಹೋಗುವಂತೆ ಆಕೆಯೇ ಸೆಟ್ಟಿಂಗ್ ಮಾಡಿಟ್ಟಿದ್ದರು. ಪಕ್ಕದ ಗುಮಾಸ್ತರದ್ದೂ ಅದೇ ಕಥೆ. ತಲೆಯೆತ್ತಿದರೆ ಇಡೀ ಕಚೇರಿ ಟೈಪ್ ಮಾಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಕ್ಯಾಷಿಯರಮ್ಮನ ಮುಖ ಬಿಳಿಚಿಕೊಂಡಿತ್ತು.

“ಏನ್ ಸಿಕ್ತು?” ಮ್ಯಾನೇಜರ್ ದನಿ ಬೆನ್ನ ಹಿಂದೆಯೇ ಕೇಳಿತು.

ತೆರೆದಿದ್ದನ್ನು ಥಟ್ಟನೆ ಮುಚ್ಚಿದೆ.

“ನನ್ನದೇ ತಪ್ಪು ಸಾರ್. ನಿಮ್ಮ ಹಳೇ ವಿಳಾಸ ಉಳ್ಕೊಂಡಿತ್ತು. ತೆಗೆದಿದೀನಿ.”

“ದಂಡಪಿಂಡ!” ಎಂದು ಗುಡುಗಿ ಒಳಗೆ ಹೋದರು.

ನಾನು ನನ್ನ ಜಾಗಕ್ಕೆ ಬಂದು ಕೂರುವಷ್ಟರಲ್ಲಿ ಅವರ ಮೇಲ್ ಬಂದಿತ್ತು. ಮಾರುದ್ದದ ಬೈಗುಳ. ಪೂರ್ತಿ ಓದಲಿಲ್ಲ. ಕ್ಯಾಷಿಯರಮ್ಮ ಮಾಡಿದ್ದ ಸೆಟ್ಟಿಂಗನ್ನೇ ನನ್ನ ಕಂಪ್ಯೂಟರಿಗೂ ಮಾಡಿಕೊಂಡೆ.